ಕ್ಯಾನ್ಸಲ್ ಒತ್ತಿದ ಮೇಲೂ ಡಿಸ್ಕ್ ಯಾಕೆ ಓಡ್ತಾ ಇರ್ತದೆ?

ಇವತ್ತಿನ ಎಪಿಸೋಡ್ ಒಂದೇ ಒಂದು ಬಟನ್ ಬಗ್ಗೆ. ಕ್ಯಾನ್ಸಲ್ ಬಟನ್.

ಪಣಂಬೂರು ಬಂದರಿನ ಆಸುಪಾಸಿನಲ್ಲಿ ಒಂದು ಕ್ಲಿಯರಿಂಗ್ ಏಜೆಂಟರ ಆಫೀಸು ಉಂಟು ಅಂತ ಇಟ್ಕೊಳ್ಳಿ. ಮೂಲೆಯಲ್ಲಿ ಒಂದೇ ಸರ್ವರ್, ಅದರೊಳಗೆ ಮೂರು ವರ್ಚುವಲ್ ಮಷೀನ್. ಅಂದ್ರೆ ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರ್ ಕಟ್ಟಿಕೊಟ್ಟ ಬೇರೆ ಕಂಪ್ಯೂಟರ್‌ಗಳು. ಅಂಥ ಮಷೀನಿನ ಹಾರ್ಡ್‌ಡಿಸ್ಕ್ ಹೊರಗಿನಿಂದ ನೋಡಿದ್ರೆ ಬರೀ ಒಂದು ದೊಡ್ಡ ಫೈಲು. ಹಳೆ ಡಿಸ್ಕ್ ಸದ್ದು ಮಾಡ್ಲಿಕ್ಕೆ ಶುರು ಮಾಡಿದೆ, ಬಿಲ್ಲಿಂಗ್ ಮಷೀನಿನ 500 ಜಿಬಿ ಫೈಲನ್ನು ಹೊಸ ಡಿಸ್ಕಿಗೆ ಸಾಗಿಸ್ಬೇಕು. ಆದ್ರೆ ಹಡಗು ಬಂದು ನಿಂತಿದೆ, ಬಿಲ್ಲಿಂಗ್ ಬಂದ್ ಮಾಡುವ ಹಾಗಿಲ್ಲ. ಹಾಗಾಗಿ ಮಷೀನ್ ಓಡ್ತಿರುವಾಗಲೇ ಹಿನ್ನೆಲೆಯಲ್ಲಿ ಕಾಪಿ ಹಾಕ್ತಾರೆ. ಇದೇ ಬ್ಯಾಕ್‌ಗ್ರೌಂಡ್ ಜಾಬ್. ಮಧ್ಯದಲ್ಲಿ ಬಿಲ್ಲಿಂಗ್ ನಿಧಾನ ಆಯ್ತು, ಎಲ್ಲರೂ ಬೊಬ್ಬೆ ಹಾಕಿದ್ರು, ಸಿಸ್ಟಮ್ ನೋಡುವ ಹುಡುಗ ಕ್ಯಾನ್ಸಲ್ ಕೊಟ್ಟ. ಈಗ ಎರಡು ಫೈಲ್ ಉಂಟು. ಯಾವುದನ್ನು ಡಿಲೀಟ್ ಮಾಡೋದು?

ತಪ್ಪು ಫೈಲ್ ಅಳಿಸಿದ್ರೆ ತಕ್ಷಣ ಏನೂ ಆಗೋದಿಲ್ಲ, ಅದೇ ಹೆದರಿಕೆಯ ವಿಷಯ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಫೈಲನ್ನು ಅಳಿಸಿದ್ರೂ ಅದನ್ನು ತೆರೆದಿಟ್ಟ ಪ್ರೋಗ್ರಾಂ ಮುಗಿಯುವವರೆಗೆ ಡೇಟಾ ಇರ್ತದೆ. ಮಷೀನ್ ಆರಾಮಾಗಿ ಓಡ್ತದೆ. ಶನಿವಾರ ಸಂಜೆ ಶಟ್‌ಡೌನ್ ಮಾಡ್ತಾರೆ, ಸೋಮವಾರ ಬೆಳಿಗ್ಗೆ ಡಿಸ್ಕೇ ಇಲ್ಲ ಮಾರ್ರೆ!

ಹಾಗಾದ್ರೆ ಕ್ಯಾನ್ಸಲ್ ಅಂದ್ರೆ ಏನು ಅಂತ ನೋಡುವ. ಲಿನಕ್ಸ್ ಸರ್ವರ್‌ಗಳಲ್ಲಿ ಈ ಕೆಲಸ ಮಾಡುವುದು ಹೆಚ್ಚಾಗಿ ಕ್ಯೂಎಮು. 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ ಸಾಫ್ಟ್‌ವೇರ್. 2007ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿದ ಕೆವಿಎಂ ಅದರ ಜೋಡಿ. ಮೇಲೆ ಕೂತು ಇವುಗಳನ್ನು ನಡೆಸುವುದು ಲಿಬ್‌ವರ್ಟ್. ಕ್ಯೂಎಮುಗೆ ಕ್ಯಾನ್ಸಲ್ ಕೊಟ್ರೆ ಅದು ಜಾಬ್ ಮೇಲೆ ಒಂದು ಗುರುತು ಹಾಕಿ ‘ಸರಿ’ ಅಂತದೆ, ಅಷ್ಟೇ. ನಿಂತೆ ಅಂತ ಹೇಳಲಿಲ್ಲ. ಅಷ್ಟರೊಳಗೆ ಡಿಸ್ಕಿಗೆ ಕಳಿಸಿದ ಬರಹಗಳು ಮುಗಿಯಬೇಕು, ಜಾಬ್ ತಾನಾಗಿ ಆ ಗುರುತು ನೋಡಬೇಕು, ಆಮೇಲೆ ನಿಲ್ತದೆ.

ನಮ್ಮ ಊರಿನವರಿಗೆ ಇದು ಸುಲಭವಾಗಿ ಅರ್ಥ ಆಗ್ತದೆ. ಕುದುರೆಮುಖದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಘಟ್ಟ ಇಳಿಸಿ ಸುಮಾರು 67 ಕಿ.ಮೀ. ಪೈಪಿನಲ್ಲಿ ಪಣಂಬೂರಿಗೆ ತರ್ತಿದ್ರು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಿಂದ ಆ ಗಣಿ ನಿಂತಿತು. ಇಂಥ ಪೈಪ್‌ಲೈನ್‌ನಲ್ಲಿ ಮೇಲೆ ‘ಸಾಕು’ ಅಂದ ಕೂಡಲೇ ಕೆಳಗೆ ಖಾಲಿ ಆಗೋದಿಲ್ಲ. ಒಳಗಿರುವ ಅದಿರು ಇಳಿಯಬೇಕು, ಹಿಂದಿನಿಂದ ನೀರು ಬಿಟ್ಟು ತೊಳೆಯಬೇಕು. ಇಲ್ಲದಿದ್ರೆ ಅದಿರು ತಳದಲ್ಲಿ ಕೂತು ಪೈಪೇ ಕಟ್ತದೆ. ಲಿಬ್‌ವರ್ಟ್‌ನಲ್ಲಿ ಬ್ಲಾಕ್ ಜಾಬ್ ಅಬಾರ್ಟ್ ಕೊಟ್ರೆ ಅದು ಸಾಮಾನ್ಯವಾಗಿ ನಿಜವಾಗಿ ನಿಲ್ಲುವವರೆಗೆ ಕಾಯ್ತದೆ. ‘ಅಸಿಂಕ್’ ಅಂತ ಸೇರಿಸಿದ್ರೆ ಮಾತ್ರ ಕಾಯದೆ ವಾಪಸ್ ಬರ್ತದೆ. ಅವಸರದವರು ಅದನ್ನೇ ಹಾಕ್ತಾರೆ!

ಈಗ ಆ ಹುಡುಗನ ಕಾಪಿಗೆ ಬರುವ. ಇದಕ್ಕೆ ಮಿರರ್ ಜಾಬ್ ಅಂತ ಹೆಸರು. ಮೊದಲು ಇಡೀ ಡಿಸ್ಕನ್ನು ನಕಲು ಮಾಡ್ತದೆ, ಅಷ್ಟರಲ್ಲಿ ಬದಲಾದ ಭಾಗಗಳನ್ನು ಲೆಕ್ಕ ಇಟ್ಟು ಮತ್ತೆ ನಕಲು ಮಾಡ್ತದೆ. ಎರಡೂ ಕಡೆ ಸರಿಸಮ ಆದಾಗ ‘ರೆಡಿ’ ಅಂತದೆ. ರೆಡಿ ಆಗುವ ಮೊದಲು ಕ್ಯಾನ್ಸಲ್ ಕೊಟ್ರೆ ಹೊಸ ಫೈಲ್ ಅರೆಬರೆ, ಕೆಲಸಕ್ಕೆ ಬಾರದ್ದು. ರೆಡಿ ಆದ ಮೇಲೆ ಅದೇ ಕ್ಯಾನ್ಸಲ್ ಕೊಟ್ರೆ ಅರ್ಥವೇ ಬೇರೆ. ಕೊನೆಯ ಬಾಕಿಯನ್ನೂ ಬರೆದು ಮುಗಿಸಿ, ಆ ಕ್ಷಣದ ಪೂರ್ತಿ ಪ್ರತಿಯನ್ನು ಬಿಟ್ಟು ಹೋಗ್ತದೆ. ಕ್ಯೂಎಮು ಆಗ ಕಳಿಸುವ ಸುದ್ದಿಯೂ ‘ಕ್ಯಾನ್ಸಲ್ಡ್’ ಅಲ್ಲ, ‘ಕಂಪ್ಲೀಟೆಡ್’. ಇದನ್ನು ನೋಡಿ ‘ಓ, ಹೊಸ ಡಿಸ್ಕಿಗೆ ಹೋಯ್ತು’ ಅಂದುಕೊಂಡ್ರೆ ಕೆಟ್ಟಿತು. ಮಷೀನ್ ಈಗಲೂ ಹಳೆ ಫೈಲಿನಲ್ಲೇ ಉಂಟು. ಹೊಸದಕ್ಕೆ ಹಾರಬೇಕಾದ್ರೆ ‘ಪಿವಟ್’ ಅಂತ ಬೇರೆ ಆಜ್ಞೆ ಕೊಡಬೇಕು. ನನ್ನ ಕೇಳಿದ್ರೆ, ಒಂದೇ ಶಬ್ದಕ್ಕೆ ಎರಡು ಅರ್ಥ ಇಟ್ಟದ್ದು ಒಳ್ಳೆ ಡಿಸೈನ್ ಅಲ್ಲ. ‘ಫೋರ್ಸ್’ ಸೇರಿಸಿದ್ರೆ ಆ ಕೊನೆಯ ಬಾಕಿಯನ್ನೂ ಬಿಟ್ಟು ಹೊರಡ್ತದೆ, ಆ ಪ್ರತಿಯನ್ನು ನಂಬಬೇಡಿ.

ಕಮಿಟ್ ಜಾಬ್ ಇನ್ನೊಂದು ಬಗೆ. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಹೊಸ ಬರಹ ಎಲ್ಲ ಮೇಲಿನ ಫೈಲಿಗೆ ಹೋಗ್ತದೆ, ಹಳೆದು ಕೆಳಗೆ ಹಾಗೇ ಇರ್ತದೆ. ಕಮಿಟ್ ಮಾಡೋದು ಅಂದ್ರೆ ಮೇಲಿನದ್ದನ್ನು ಕೆಳಗೆ ಇಳಿಸೋದು. ನನ್ನದು ಕಾಮರ್ಸ್ ಡಿಗ್ರಿ, ಹಾಗಾಗಿ ಡೇ ಬುಕ್ಕಿನಿಂದ ಲೆಡ್ಜರಿಗೆ ಪೋಸ್ಟಿಂಗ್ ಮಾಡಿದ ಹಾಗೆ ಕಾಣ್ತದೆ. ಅರ್ಧ ಪೋಸ್ಟಿಂಗ್‌ನಲ್ಲಿ ನಿಲ್ಲಿಸಿದ್ರೂ ಎರಡೂ ಪುಸ್ತಕ ಒಟ್ಟಿಗೆ ಇದ್ರೆ ಲೆಕ್ಕ ಸರಿ. ಲೆಡ್ಜರ್ ಒಂದನ್ನೇ ಇಟ್ಟು ಡೇ ಬುಕ್ ಬಿಸಾಡಿದ್ರೆ? ಅದು ಸ್ನ್ಯಾಪ್‌ಶಾಟ್ ದಿನದ ಲೆಕ್ಕವೂ ಅಲ್ಲ, ಇವತ್ತಿನದ್ದೂ ಅಲ್ಲ. ಸ್ಟ್ರೀಮ್ ಜಾಬ್ ಇದಕ್ಕೆ ಉಲ್ಟಾ, ಕೆಳಗಿನದ್ದನ್ನು ಮೇಲಕ್ಕೆ ತರ್ತದೆ. ಅದನ್ನು ಮಧ್ಯ ನಿಲ್ಲಿಸಿ ನಾಳೆ ಮುಂದುವರಿಸಿದ್ರೂ ತೊಂದರೆ ಇಲ್ಲ, ಕೆಳಗಿನ ಫೈಲ್ ಇದ್ರೆ ಸಾಕು.

ಕ್ಯಾನ್ಸಲ್ ಸಿಕ್ಕದ ಜಾಬೂ ಉಂಟು. ಓಡ್ತಿರುವ ಮಷೀನನ್ನೇ ಇನ್ನೊಂದು ಸರ್ವರಿಗೆ ಸಾಗಿಸುವುದು ಲೈವ್ ಮೈಗ್ರೇಶನ್. ಮೆಮೊರಿ ಮೊದಲೇ ಕಾಪಿ ಆಗುವ ಪ್ರೀಕಾಪಿ ವಿಧಾನದಲ್ಲಿ ನಡುವೆ ನಿಲ್ಲಿಸಿದ್ರೆ ಮಷೀನ್ ಹಳೆ ಕಡೆಯೇ ಮುಂದುವರಿತದೆ. ಪೋಸ್ಟ್‌ಕಾಪಿಯಲ್ಲಿ ಮಷೀನ್ ಮೊದಲು ಹೊಸ ಕಡೆ ಹೋಗಿ ಓಡ್ಲಿಕ್ಕೆ ಶುರು ಮಾಡ್ತದೆ, ಉಳಿದ ಮೆಮೊರಿ ಆಮೇಲೆ ಬರ್ತದೆ. ಆ ಹಂತದಲ್ಲಿ ಹೊಸ ಬದಲಾವಣೆ ಅಲ್ಲಿ, ಉಳಿದದ್ದು ಇಲ್ಲಿ, ಪೂರ್ತಿ ಮಷೀನ್ ಎಲ್ಲಿಯೂ ಇಲ್ಲ. ಕ್ಯಾನ್ಸಲ್ ಕೇಳಿದ್ರೆ ಲಿಬ್‌ವರ್ಟ್ ಒಪ್ಪುವುದಿಲ್ಲ.

ನಮ್ಮ ಕ್ಲಿಯರಿಂಗ್ ಆಫೀಸಿನ ಹುಡುಗ ಏನು ಮಾಡ್ಬೇಕಿತ್ತು? ಜಾಬ್ ಪಟ್ಟಿ ಖಾಲಿ ಆಗುವವರೆಗೆ ಕಾಯಬೇಕು. ಆಮೇಲೆ ಮಷೀನಿನ ಡಿಸ್ಕ್ ಪಟ್ಟಿ ಕೇಳಬೇಕು, ಈಗ ಬಳಕೆಯಲ್ಲಿರುವ ಫೈಲಿನ ಹೆಸರನ್ನು ಲಿಬ್‌ವರ್ಟ್ ತೋರಿಸ್ತದೆ. ಆ ಹೆಸರನ್ನೂ, ಅದರ ಕೆಳಗೆ ಸರಪಳಿಯಲ್ಲಿರುವ ಫೈಲುಗಳನ್ನೂ ಮುಟ್ಟಬಾರದು. ಉಳಿದ ಅರೆಬರೆ ಫೈಲನ್ನೂ ಅದೇ ದಿನ ಅಳಿಸದೆ ಹೆಸರು ಬದಲಿಸಿ ಇಡೋದು ಒಳ್ಳೆಯದು, ಮಷೀನ್ ಒಮ್ಮೆ ಬಂದ್ ಆಗಿ ಮತ್ತೆ ಏಳುವವರೆಗೆ.