ಕುಂಡದೊಳಗಣ ಅನ್ನೋದಕ

ನೆಲದಲ್ಲಿ ನೆಟ್ಟ ಗಿಡಕ್ಕೆ ಬಾಯಾರಿದರೆ ಬೇರನ್ನು ಇನ್ನಷ್ಟು ಆಳಕ್ಕಿಳಿಸುವ ಸ್ವಾತಂತ್ರ್ಯವುಂಟು. ಬೆಂಗಳೂರಿನ ತಾರಸಿಯ ಮೇಲೆ ಹನ್ನೆರಡಂಗುಲದ ಕುಂಡದಲ್ಲಿ ನಿಂತ ಬದನೆಗೆ ಆ ಸ್ವಾತಂತ್ರ್ಯವಿಲ್ಲದುದರಿಂದ ಅದರ ಅನ್ನೋದಕಗಳೆರಡೂ ಸಾಕುವವರ ಕೈಯನ್ನೇ ಆಶ್ರಯಿಸಿರುತ್ತವೆ. ಗೊಬ್ಬರದ ವಿಚಾರದಲ್ಲಿ ಹತ್ತು ಜನರನ್ನು ಕೇಳುವ ಗೃಹಸ್ಥರು ನೀರಿನ ವಿಚಾರದಲ್ಲಿ ಯಾರನ್ನೂ ಕೇಳುವುದಿಲ್ಲ. ಸಜೀವವಾದ ಮಣ್ಣಿನಲ್ಲಾದರೋ ಇವೆರಡನ್ನೂ ಬೇರ್ಪಡಿಸಲು ಬಾರದು.

ಕೆಮ್ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿಗಳನ್ನು ಬೆರೆಸಿ, ಮೇಲೊಂದು ಹಿಡಿ ಬೇವಿನ ಹಿಂಡಿಯನ್ನು ಉದುರಿಸಿದ ಮಾತ್ರಕ್ಕೆ ಗಿಡಕ್ಕೆ ಊಟವಾದಂತಲ್ಲ. ಹಿಂಡಿಯಲ್ಲಿ ಸಸಾರಜನಕದ ರೂಪದಲ್ಲಿ ಅಡಗಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಒಡೆದು ಮೊದಲು ಅಮೋನಿಯವನ್ನಾಗಿಯೂ ಅನಂತರ ನೈಟ್ರೇಟನ್ನಾಗಿಯೂ ಮಾರ್ಪಡಿಸಿದಲ್ಲದೆ ಬೇರಿಗೆ ಅದು ಹೆಚ್ಚಾಗಿ ದಕ್ಕುವುದಿಲ್ಲ. ಮಣ್ಣು ಒಣಗಿತೆಂದರೆ ಈ ಅಡುಗೆಯವರು ಕೆಲಸ ನಿಲ್ಲಿಸಿ ಮಲಗಿಬಿಡುತ್ತಾರೆ; ಕಣಗಳ ನಡುವಣ ಗಾಳಿಯನ್ನೆಲ್ಲ ನೀರು ಹೊರದೂಡಿತೆಂದರೆ, ಆಮ್ಲಜನಕವಿಲ್ಲದೆಯೂ ಬಾಳಬಲ್ಲ ಬೇರೊಂದು ತಂಡವು ತಲೆಯೆತ್ತಿ, ಸಿದ್ಧವಾಗಿದ್ದ ನೈಟ್ರೇಟನ್ನು ಅನಿಲವಾಗಿಸಿ ಆಕಾಶಕ್ಕೆ ಬಿಡುತ್ತದೆ. ಎಲೆ ಹಳದಿಯಾಗುತ್ತದೆ, ಯಜಮಾನರು ಇನ್ನೊಂದು ಹಿಡಿ ಗೊಬ್ಬರ ಹಾಕುತ್ತಾರೆ, ಮೇಲೆ ಮತ್ತೊಂದು ಚೊಂಬು ನೀರು ಹೊಯ್ಯುತ್ತಾರೆ.

ಹೆಚ್ಚಾದ ನೀರು ತಳದ ತೂತಿನಿಂದ ಹೋಗಿಬಿಡುತ್ತದೆಂಬ ಭರವಸೆ ಅರ್ಧ ಮಾತ್ರ ನಿಜ. ಕೇಶಾಕರ್ಷಣದ ಬಲದಿಂದ ಕುಂಡದ ಅಡಿಯಲ್ಲಿ ನೀರು ಹಿಡಿದ ಪದರವೊಂದು ನಿಂತೇ ಇರುತ್ತದೆ. ಜಲ್ಲಿ ಹಾಸಿದರೆ ಆ ಪದರ ಮೇಲಕ್ಕೆ ಸರಿಯುವುದೇ ಹೊರತು ಇಲ್ಲವಾಗುವುದಿಲ್ಲ. ಇದರ ವಿಪರ್ಯಯವೂ ಉಂಟು. ಏಪ್ರಿಲ್ಲಿನಲ್ಲಿ ಎರಡು ದಿನ ಊರಿಗೆ ಹೋಗಿ ಬಂದವರು ನೋಡಿದರೆ, ಮಣ್ಣು ಕುಗ್ಗಿ ಕುಂಡದ ಅಂಚಿನಿಂದ ಬೆರಳು ತೂರುವಷ್ಟು ಬಿಟ್ಟುಕೊಂಡಿರುತ್ತದೆ. ಹೊಯ್ದ ನೀರು ಆ ಬಿರುಕಿನಲ್ಲಿ ಸರಸರನೆ ಇಳಿದು ಕ್ಷಣಾರ್ಧದಲ್ಲಿ ತಟ್ಟೆ ತುಂಬುತ್ತದೆ, ನಡುವಣ ಹೆಂಟೆ ಮಾತ್ರ ಒಣಗಿದಂತೆಯೇ ಉಳಿಯುತ್ತದೆ. ಅರ್ಧ ಚೊಂಬು ಹೊಯ್ದು, ಕಾಲು ಗಂಟೆ ಕಾದು, ಮತ್ತೆ ಅರ್ಧ ಹೊಯ್ಯುವುದೇ ಇದಕ್ಕೆ ಉಪಾಯ. ನಾರಿನ ಪುಡಿ ಸೇರಿದ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಾಗಿರುವುದರಿಂದ, ಕಣ್ಣನ್ನು ನಂಬದೆ ಬೆರಳನ್ನು ಎರಡು ಗೆಣ್ಣಿನವರೆಗೆ ಇಳಿಸಿ ನೋಡತಕ್ಕದ್ದು. ಮೇಲೆ ತರಗೆಲೆಯ ಹೊದಿಕೆ ಹಾಸಿದವರಿಗೆ ಈ ಪೀಕಲಾಟ ಅರ್ಧಕ್ಕರ್ಧ ಕಡಿಮೆ.

ನಲ್ಲಿಯ ನೀರಿನ ಕ್ಲೋರಿನ್ನಿಗೆ ಅಂಜುವವರು ರಾತ್ರಿ ಬಕೆಟ್ಟಿನಲ್ಲಿ ತುಂಬಿಟ್ಟರೆ ಅದು ಬಹುಮಟ್ಟಿಗೆ ಹಾರಿಹೋಗುತ್ತದೆ. ನನ್ನ ಮಟ್ಟಿಗೆ, ಕುಂಡದ ಅಂಚಿನಲ್ಲಿ ಬೆಳ್ಳಗೆ ಉಪ್ಪುಗಟ್ಟಿಸುವ ಬೋರ್‌ವೆಲ್ಲಿನ ಗಡಸು ನೀರೇ ಹೆಚ್ಚಿನ ಶತ್ರು. ಇನ್ನು ಜೀವಾಮೃತ. ಸುಭಾಷ್ ಪಾಳೇಕರರು ಪ್ರಚುರಪಡಿಸಿದ ಪಾಕದಲ್ಲಿ 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಅದರ ಜೊತೆಗೆ ಗಂಜಲ, ಬೆಲ್ಲ, ದ್ವಿದಳಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಅದು ಒಂದೆಕರೆಯ ಲೆಕ್ಕವೆಂಬುದನ್ನು ಮರೆತು ತುಳಸಿಯ ಕುಂಡಕ್ಕೆ ಚೊಂಬುಗಟ್ಟಲೆ ಸುರಿಯುವ ಭಕ್ತರನ್ನು ಕಂಡಿದ್ದೇನೆ. ಅದರ ಮುಖ್ಯ ಉಪಕಾರ ಪೋಷಕಾಂಶವಲ್ಲ, ಜೀವಾಣು. ಹತ್ತು ಪಾಲು ನೀರಿನಲ್ಲಿ ತಿಳಿಗೊಳಿಸಿ, ಅದಾಗಲೇ ತೇವವಾಗಿರುವ ಮಣ್ಣಿಗೆ ಕೊಟ್ಟರೆ ಸಾಕು. ಬುಡದಲ್ಲಿ ಗೊಬ್ಬರವಿಲ್ಲದೆ ಇದೊಂದನ್ನೇ ನಂಬಿದ ಗಿಡ ಸೊರಗುವುದೇ ಸರಿ.

ಮುಂಗಾರು ಹಿಡಿದ ಮೇಲೆ ಕುಂಡದಡಿಯ ತಟ್ಟೆಗಳನ್ನು ತೆಗೆದಿಡಬೇಕು, ಇಲ್ಲವಾದರೆ ಸೊಳ್ಳೆಗೆ ತೊಟ್ಟಿಲಾಗುತ್ತವೆ. ಆಗ ಹಾಕಿದ ಗೊಬ್ಬರದ ಸತ್ತ್ವ ನೀರಿನೊಡನೆ ಸೋರಿಹೋಗುವುದರಿಂದ, ಹಿಂಡಿಯನ್ನು ಮಳೆ ಹೊಳವಾಗುವವರೆಗೆ ಡಬ್ಬಿಯಲ್ಲೇ ಇಟ್ಟುಕೊಳ್ಳುವುದು ಲೇಸು.