ಹಳೆಯ ಕಾರಿನ ಗುರುತಿಲ್ಲದ ವೈರುಗಳು: ಎರಡೂ ತುದಿ ತಿಳಿಯದೆ ಕತ್ತರಿಸಬೇಡಿ

ನಮ್ಮ ವರ್ತಕ ಹಾಗೂ ಸಣ್ಣ ಉದ್ದಿಮೆದಾರ ಬಂಧುಗಳಲ್ಲಿ ಅನೇಕರ ಬಳಿ ಇಂದಿಗೂ ಒಂದು ಹಳೆಯ ಕಾರು ಉಳಿದುಕೊಂಡಿದೆ. ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಅದೇ ವರ್ಷ ಮಾರುತಿ 800 ಕೂಡ ನಿಂತಿತು. ಪ್ರೀಮಿಯರ್ ಪದ್ಮಿನಿ ಅವೆರಡಕ್ಕೂ ಮೊದಲೇ ತೆರೆಮರೆಗೆ ಸರಿದಿತ್ತು. ಆದರೂ ಊರೂರುಗಳಲ್ಲಿ ಈ ವಾಹನಗಳು ಓಡುತ್ತಿವೆ. ಕೆಲವರಿಗೆ ಅದು ತಂದೆಯವರ ನೆನಪು. ಕೆಲವರಿಗೆ ಮಾರುಕಟ್ಟೆ, ಬ್ಯಾಂಕು, ಕಾರ್ಖಾನೆಗಳ ನಡುವಿನ ನಿತ್ಯದ ಸಾರಿಗೆ. ಇಂಥ ವಾಹನಗಳ ಎಂಜಿನ್ನಿಗೆ ಬೇಕಾದ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕಾವು. ಆದರೆ ಯಾವ ಅಂಗಡಿಯಲ್ಲಿಯೂ ಸಿಗದ ವಸ್ತು ಒಂದಿದೆ. ಅದೇ ನಿಮ್ಮ ಕಾರಿನಲ್ಲಿ ಈಗ ಇರುವ ವೈರಿಂಗಿನ ನಿಜವಾದ ನಕ್ಷೆ.

ಕಾರ್ಖಾನೆಯಿಂದ ಹೊರಬಂದ ದಿನ ವಾಹನದ ವೈರಿಂಗಿಗೂ ತಯಾರಕರ ನಕ್ಷೆಗೂ ತಾಳೆಯಿರುತ್ತದೆ. ಆಮೇಲೆ ಒಬ್ಬರು ಕ್ಯಾಸೆಟ್ ಪ್ಲೇಯರ್ ಹಾಕಿಸುತ್ತಾರೆ, ಮತ್ತೊಬ್ಬರು ಜೋಡಿ ಹಾರ್ನ್, ಮಂಜಿನ ದೀಪ, ಕಳ್ಳತನ ತಡೆಯುವ ಅಲಾರಂ, ರಿವರ್ಸ್ ಸಂಗೀತ. 2000ದಲ್ಲಿ ವಾಹನಗಳಿಗೆ ಎಲ್‌ಪಿಜಿ ಬಳಕೆ ಕಾನೂನುಬದ್ಧವಾದ ಮೇಲೆ ಗ್ಯಾಸ್ ಕಿಟ್‌ಗಳೂ ಬಂದವು. ಮಾಲೀಕರು ಬದಲಾದಂತೆ ಉಪಕರಣಗಳನ್ನು ಕಳಚಲಾಗುತ್ತದೆ. ವೈರುಗಳು ಮಾತ್ರ ಅಲ್ಲಿಯೇ ಉಳಿಯುತ್ತವೆ. ಇಪ್ಪತ್ತು ವರ್ಷಗಳ ನಂತರ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿದರೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆಂದು ತಿಳಿಯದ ಹತ್ತಾರು ಎಳೆಗಳು ಕಾಣಿಸುತ್ತವೆ. ಲೆಕ್ಕಪತ್ರದ ಭಾಷೆಯಲ್ಲಿ ಇವು ಅನಾಮತ್ತು ಖಾತೆಯಲ್ಲಿ ಉಳಿದ ನಮೂದುಗಳು. ಯಾರೂ ವಿಚಾರಿಸದಿದ್ದರೆ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಸಾಗುತ್ತಲೇ ಇರುತ್ತವೆ.

ಮೂರು ಬ್ಯಾಟರಿಗಳ ಬೀಜಕ

2019ರಲ್ಲಿ ಒಂದು ಸಣ್ಣ ಉದ್ದಿಮೆಯ ಲೆಕ್ಕ ಪರಿಶೀಲಿಸುವಾಗ ವಾಹನ ನಿರ್ವಹಣೆ ಖಾತೆಯಲ್ಲಿ ಎರಡು ವರ್ಷಗಳೊಳಗೆ ಮೂರು ಬ್ಯಾಟರಿಗಳ ಬೀಜಕಗಳು ನನ್ನ ಕಣ್ಣಿಗೆ ಬಿದ್ದವು. ವಾಹನ 1996ರ ಅಂಬಾಸಿಡರ್. ಈ ಮಾಲೀಕರ ಕೈಗೆ ಬರುವ ಮೊದಲು ಇಬ್ಬರ ಬಳಿ ಇದ್ದದ್ದು. ವಿಚಾರಿಸಿದಾಗ ಮಾಲೀಕರು ಒಂದು ಸಂಗತಿ ತಿಳಿಸಿದರು: ವಾರದ ನಡುವೆ ಕಾರು ಸರಿಯಾಗಿ ಸ್ಟಾರ್ಟ್ ಆಗುತ್ತದೆ, ಸೋಮವಾರ ಬೆಳಿಗ್ಗೆ ಮಾತ್ರ ತಳ್ಳಬೇಕಾಗುತ್ತದೆ. ಒಬ್ಬ ಮೆಕ್ಯಾನಿಕ್ ಬ್ಯಾಟರಿ ದೋಷವೆಂದರು, ಇನ್ನೊಬ್ಬರು ಆಲ್ಟರ್ನೇಟರ್ ಎಂದರು, ಮೂರನೆಯವರು ಇಡೀ ವೈರಿಂಗ್ ಕಿತ್ತು ಹೊಸದು ಹಾಕಬೇಕೆಂದರು. ಅಳತೆಯನ್ನು ಮಾತ್ರ ಯಾರೂ ತೆಗೆದಿರಲಿಲ್ಲ.

ಕೊನೆಗೆ ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರು ಮಲ್ಟಿಮೀಟರ್ ತಂದರು. ಬಾಗಿಲುಗಳನ್ನು ಮುಚ್ಚಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತುದಿಯ ಕೇಬಲ್ ಕಳಚಿ, ಆ ಕೇಬಲ್‌ಗೂ ಬ್ಯಾಟರಿಗೂ ನಡುವೆ ಮೊದಲು 12 ವೋಲ್ಟಿನ ಬಲ್ಬೊಂದನ್ನು ಸೇರಿಸಿದರು. ದೊಡ್ಡ ಶಾರ್ಟ್ ಇದ್ದರೆ ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತದೆ, ಮೀಟರ್ ಸುಡುವುದು ತಪ್ಪುತ್ತದೆ. ಬಲ್ಬು ಮಂದವಾಗಿ ಉರಿದದ್ದನ್ನು ಕಂಡು, ಅದೇ ಜಾಗದಲ್ಲಿ 10 ಆಂಪಿಯರ್ ಶ್ರೇಣಿಯಲ್ಲಿಟ್ಟ ಮೀಟರ್ ಜೋಡಿಸಿದರು. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯುವುದಾಗಲಿ ಹೆಡ್‌ಲೈಟ್ ಹಾಕುವುದಾಗಲಿ ಕೂಡದು. ಮೀಟರಿನ ಒಳಗಿನ ಫ್ಯೂಸ್ ಹೋಗುತ್ತದೆ.

ಮೀಟರ್ 0.42 ಆಂಪಿಯರ್ ತೋರಿಸಿತು. ಕಾರ್ಬುರೇಟರ್ ಇರುವ, ಗಡಿಯಾರ ಅಥವಾ ಸ್ಟೀರಿಯೊ ಇಲ್ಲದ ಹಳೆಯ ಕಾರಿನಲ್ಲಿ ಈ ಅಂಕಿ ಬಹುತೇಕ ಸೊನ್ನೆ ಇರಬೇಕು. ಇಲೆಕ್ಟ್ರಾನಿಕ್ ಉಪಕರಣಗಳಿರುವ ಈಚಿನ ಕಾರುಗಳಲ್ಲಿಯೂ 0.05 ಆಂಪಿಯರ್ ಒಳಗಿದ್ದರೆ ಒಪ್ಪತಕ್ಕದ್ದೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಲೆಕ್ಕ ಹಾಕಿ ನೋಡಿ: 0.42 ಆಂಪಿಯರ್ 24 ಗಂಟೆ ಹರಿದರೆ ದಿನಕ್ಕೆ ಸುಮಾರು 10 ಆಂಪಿಯರ್-ಅವರ್. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗಿನ 36 ಗಂಟೆಗಳಲ್ಲಿ 15. ಐವತ್ತು ಆಂಪಿಯರ್-ಅವರ್ ಬ್ಯಾಟರಿಯ ಮೂರನೇ ಒಂದು ಭಾಗದಷ್ಟು ಯಾರಿಗೂ ತಿಳಿಯದಂತೆ ಖರ್ಚಾಗುತ್ತಿತ್ತು. ಸೀಸ-ಆಮ್ಲದ ಬ್ಯಾಟರಿ ಹೀಗೆ ಪದೇ ಪದೇ ಬರಿದಾದರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಆಯುಷ್ಯ ಕ್ಷೀಣಿಸುತ್ತದೆ. ಮೂರು ಬೀಜಕಗಳಿಗೆ ಕಾರಣ ಇದೇ ಆಗಿತ್ತು.

ಇದೇ ಅಂಕಿ ಇನ್ನೊಂದು ಸುಳಿವನ್ನೂ ನೀಡಿತು. 12 ವೋಲ್ಟನ್ನು 0.42 ಆಂಪಿಯರಿನಿಂದ ಗುಣಿಸಿದರೆ 5 ವ್ಯಾಟ್. ಕಾರಿನಲ್ಲಿ 5 ವ್ಯಾಟ್ ಬಳಸುವ ವಸ್ತುವೆಂದರೆ ಮೊದಲು ನೆನಪಾಗಬೇಕಾದದ್ದು ಒಂದು ಸಣ್ಣ ಬಲ್ಬು.

ಮೀಟರ್ ತೋರಿಸಿದ್ದು ಮತ್ತು ತೋರಿಸದೆ ಇದ್ದದ್ದು

ಮುಂದಿನ ಕ್ರಮ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಮೀಟರ್ ನೋಡುವುದು. ಯಾವ ಫ್ಯೂಸ್ ತೆಗೆದಾಗ ಅಂಕಿ ಇಳಿಯುತ್ತದೆಯೋ ದೋಷ ಆ ಶಾಖೆಯಲ್ಲಿದೆ. ಈ ಕಾರಿನಲ್ಲಿ ಎಲ್ಲ ಫ್ಯೂಸ್ ತೆಗೆದರೂ ಅಂಕಿ ಕದಲಲಿಲ್ಲ. ಹಾಗಾದಾಗ ಎರಡೇ ಸಾಧ್ಯತೆ: ಫ್ಯೂಸ್ ಇಲ್ಲದ ಮೂಲ ಭಾಗಗಳಲ್ಲಿ, ಮುಖ್ಯವಾಗಿ ಆಲ್ಟರ್ನೇಟರಿನ ಡಯೋಡುಗಳಲ್ಲಿ ಸೋರಿಕೆ, ಇಲ್ಲವೇ ಫ್ಯೂಸ್ ಪೆಟ್ಟಿಗೆಯನ್ನು ತಪ್ಪಿಸಿ ಯಾರೋ ಹಾಕಿದ ನೇರ ಸಂಪರ್ಕ. ಆಲ್ಟರ್ನೇಟರ್ ಕಳಚಿದರೂ ಅಂಕಿ ಹಾಗೆಯೇ ಇತ್ತು. ಬ್ಯಾಟರಿಯ ಪಾಸಿಟಿವ್ ತುದಿಯಲ್ಲಿ ದಪ್ಪ ಕೇಬಲ್ಲಿನ ಜೊತೆಗೆ ಮೂರು ತೆಳು ವೈರುಗಳು ಸಿಕ್ಕಿಸಲ್ಪಟ್ಟಿದ್ದವು. ಮೂರೂ ಆಮೇಲಿನ ಸೇರ್ಪಡೆಗಳು.

ಮೊದಲನೆಯದು ಹಾರ್ನ್ ರಿಲೇಗೆ ಹೋಗುತ್ತಿತ್ತು. ಅದಕ್ಕೆ ತನ್ನದೇ ಫ್ಯೂಸ್ ಇತ್ತು. ಎರಡನೆಯದನ್ನು ಕಳಚಿದೊಡನೆ ಮೀಟರ್ ಸೊನ್ನೆಗೆ ಇಳಿಯಿತು. ಅದನ್ನು ಹಿಡಿದು ಹೋದಾಗ ಡಿಕ್ಕಿಯ ಮೂಲೆಯಲ್ಲಿ ಹಿಂದಿನ ಮಾಲೀಕರು ಹಾಕಿಸಿದ್ದ 5 ವ್ಯಾಟಿನ ದೀಪ ಸಿಕ್ಕಿತು. ಅದರ ಒತ್ತು ಸ್ವಿಚ್ಚು ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಡಿಕ್ಕಿ ಮುಚ್ಚಿದ ಮೇಲೂ ದೀಪ ಕತ್ತಲೆಯಲ್ಲಿ ಉರಿಯುತ್ತಲೇ ಇತ್ತು.

ಇಲ್ಲಿಗೆ ಕೆಲಸ ಮುಗಿಯಿತೆಂದು ಮಾಲೀಕರು ಸಮಾಧಾನಪಟ್ಟರು. ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಮೂರನೆಯ ವೈರನ್ನು ಕಳಚಿದಾಗ ಮೀಟರಿನಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ, ನಿಜ. ಆದರೆ ಅದರ ಇನ್ನೊಂದು ತುದಿ ಎಲ್ಲಿದೆಯೆಂದು ತಿಳಿದಿರಲಿಲ್ಲ. ಬಾನೆಟ್ಟಿನ ಒಳಗೆ ಕೆಂಪಗಿದ್ದ ಆ ವೈರು ಕಾರ್ಪೆಟ್ಟಿನ ಅಡಿಯಲ್ಲಿ ಒಂದು ಜಾಯಿಂಟಿನ ನಂತರ ಕಪ್ಪು ಬಣ್ಣದ್ದಾಗಿತ್ತು. ಮುಂದೆ ಸೀಟಿನ ಕಬ್ಬಿಣದ ಹಳಿಯ ಪಕ್ಕದಲ್ಲಿ ಸಾಗಿ, ಡ್ಯಾಶ್‌ಬೋರ್ಡಿನ ಹಿಂದೆ ಟೇಪು ಸುತ್ತಿದ ಮೊಂಡು ತುದಿಯಾಗಿ ನಿಂತಿತ್ತು. ಎಂದೋ ತೆಗೆದುಹಾಕಿದ ಗ್ಯಾಸ್ ಕಿಟ್ಟಿನ ವೈರು ಅದು. ಸೀಟಿನ ಹಳಿಗೆ ಉಜ್ಜಿ ಒಂದು ಕಡೆ ಪ್ಲಾಸ್ಟಿಕ್ ಹೊದಿಕೆ ಸವೆದು ತಾಮ್ರ ಇಣುಕುತ್ತಿತ್ತು. ಬ್ಯಾಟರಿಯಿಂದ ಅಲ್ಲಿಯವರೆಗೆ ಒಂದೇ ಒಂದು ಫ್ಯೂಸ್ ಇರಲಿಲ್ಲ. ಕಾರಿನ ಕಬ್ಬಿಣದ ಮೈಯೇ ಅರ್ಥ್ ಆಗಿರುವುದರಿಂದ, ಆ ತಾಮ್ರ ಹಳಿಗೆ ತಾಗಿದ್ದರೆ ಬ್ಯಾಟರಿಯ ಪೂರ್ಣ ಶಕ್ತಿ ಆ ತೆಳು ವೈರಿನಲ್ಲಿ ಹರಿದು, ಕೆಲವೇ ಕ್ಷಣಗಳಲ್ಲಿ ವೈರು ಕಾದು ಕೆಂಪಾಗಿ ಕಾರ್ಪೆಟ್ಟಿಗೆ ಬೆಂಕಿ ಹತ್ತುತ್ತಿತ್ತು.

ಈ ಲೇಖನದ ಮುಖ್ಯ ಮಾತು ಇದೇ. ಡಿಕ್ಕಿಯ ದೀಪ ಲಾಭ-ನಷ್ಟ ಖಾತೆಯಲ್ಲಿ ಕಾಣಿಸುವ ನಷ್ಟ. ಬ್ಯಾಟರಿಯ ಬೀಜಕಗಳ ರೂಪದಲ್ಲಿ ಅದು ತನ್ನನ್ನು ತಾನೇ ತೋರಿಸಿಕೊಂಡಿತು. ಮೂರನೆಯ ವೈರು ಸಂಭಾವ್ಯ ಹೊಣೆ. ಪ್ರತಿದಿನದ ಅಳತೆಯಲ್ಲಿ ಅದು ಸೊನ್ನೆ. ಬಂದ ದಿನ ಇಡೀ ವಾಹನವನ್ನೂ ಒಳಗಿರುವವರ ಪ್ರಾಣವನ್ನೂ ತೆಗೆದುಕೊಳ್ಳಬಲ್ಲದು. ಆದುದರಿಂದ ದೋಷ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು. ಗುರುತಿಲ್ಲದ ಪ್ರತಿಯೊಂದು ವೈರಿನ ಎರಡೂ ತುದಿಗಳು ಸಿಗಬೇಕು.

ಬಣ್ಣ ಹೇಳಿಕೆ, ಅಳತೆ ಸಾಕ್ಷ್ಯ

ಬ್ರಿಟಿಷ್ ವಿನ್ಯಾಸದ ಹಳೆಯ ಕಾರುಗಳಲ್ಲಿ ವೈರಿನ ಬಣ್ಣಕ್ಕೆ ನಿಶ್ಚಿತ ಅರ್ಥವಿದೆ. ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಿಡರ್ ಕಾರಿನ ವೈರಿಂಗ್ ಓದುವಾಗ ಇದು ಉಪಯುಕ್ತ. ಕಂದು ಬಣ್ಣ ಬ್ಯಾಟರಿಯಿಂದ ಸದಾ ಬರುವ, ಫ್ಯೂಸ್ ಇಲ್ಲದ ವಿದ್ಯುತ್ತು. ನೇರಳೆ ಸದಾ ಬರುವ, ಆದರೆ ಫ್ಯೂಸ್ ದಾಟಿದ ವಿದ್ಯುತ್ತು. ಬಿಳಿ ಇಗ್ನಿಷನ್ ಕೀ ತಿರುಗಿಸಿದಾಗ ಬರುವುದು. ಹಸಿರು ಅದೇ, ಫ್ಯೂಸ್ ದಾಟಿದ ಮೇಲೆ. ಕೆಂಪು ಪಾರ್ಕಿಂಗ್ ಮತ್ತು ಹಿಂಬದಿ ದೀಪಕ್ಕೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ಥ್‌ಗೆ. ಆಮೇಲೆ ಸೇರಿಸಿದ ರಿಲೇಗಳಲ್ಲಿ ಜರ್ಮನಿಯ ಮಾನದಂಡದ ಅಂಕಿಗಳಿರುತ್ತವೆ: 30 ಬ್ಯಾಟರಿಯಿಂದ ಬರುವುದು, 87 ಉಪಕರಣಕ್ಕೆ ಹೋಗುವುದು, 85 ಮತ್ತು 86 ರಿಲೇಯ ಸುರುಳಿಗೆ.

ಆದರೆ ಬಣ್ಣವನ್ನು ಸಾಕ್ಷ್ಯವೆಂದು ನಂಬಲಾಗದು. ಮೇಲಿನ ಪ್ರಕರಣದಲ್ಲಿ ಅರ್ಥ್ ಎಂದು ತೋರುವ ಕಪ್ಪು ವೈರಿನಲ್ಲಿಯೇ ಬ್ಯಾಟರಿಯ ಪಾಸಿಟಿವ್ ಇತ್ತು. ಅಂಗಡಿಯಲ್ಲಿ ಅಂದು ಯಾವ ಬಣ್ಣದ ವೈರು ಸಿಕ್ಕಿತೋ ಅದನ್ನೇ ಸೇರಿಸುವುದು ನಮ್ಮಲ್ಲಿ ಸಾಮಾನ್ಯ. ಬ್ಯಾಟರಿ ಕಳಚಿ, ಮೀಟರಿನ ಒಂದು ಕಡ್ಡಿಗೆ ಉದ್ದನೆಯ ವೈರು ಜೋಡಿಸಿಕೊಂಡು, ಎರಡೂ ತುದಿಗಳ ನಡುವೆ ಸಂಪರ್ಕವಿದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಅದು ಅದೇ ವೈರು ಎನ್ನಬಹುದು.

ಅನುಸರಿಸಬೇಕಾದ ಕ್ರಮ

1. ತಿಳಿಯದ ವೈರನ್ನು ಮೊದಲೇ ಕತ್ತರಿಸಬೇಡಿ. ಒಂದು ತುದಿಯನ್ನು ಕಳಚಿ, ಟೇಪು ಸುತ್ತಿ, ಕೆಲವು ದಿನ ವಾಹನ ಬಳಸಿ. ಬ್ರೇಕ್ ದೀಪ, ಇಂಡಿಕೇಟರ್, ವೈಪರ್, ರಾತ್ರಿಯ ದೀಪಗಳು, ರಿವರ್ಸ್ ದೀಪ ಎಲ್ಲವನ್ನೂ ಪರೀಕ್ಷಿಸಿ. ಬ್ಯಾಟರಿಯ ಕಡೆಯ ತುದಿಯನ್ನೇ ಕಳಚುವುದು ಸುರಕ್ಷಿತ.

2. ಬೇಡವೆಂದು ಖಚಿತವಾದ ವೈರನ್ನು ಪೂರ್ತಿಯಾಗಿ ಹೊರತೆಗೆಯಿರಿ. ಮೊಂಡು ತುದಿ ಬಿಡುವುದು ಮುಂದಿನವರಿಗೆ ಹೊಸ ಒಗಟು ಬಿಟ್ಟುಹೋದಂತೆ.

3. ಉಳಿಸಿಕೊಳ್ಳುವ ಪ್ರತಿ ಹೆಚ್ಚುವರಿ ವೈರಿಗೂ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಹಾಕಿಸಿ. ಫ್ಯೂಸ್ ಕಾಯುವುದು ಮುಖ್ಯವಾಗಿ ವೈರನ್ನು. ಸಿಗರೇಟು ಪೊಟ್ಟಣದ ಬೆಳ್ಳಿ ಹಾಳೆ ಅಥವಾ ತಾಮ್ರದ ಎಳೆ ಸುತ್ತುವ ಅಭ್ಯಾಸ ಸಲ್ಲದು. ಹಳೆಯ ಲ್ಯೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಕರಗುವ ಅಂಕಿ. ಎಡೆಬಿಡದೆ ಹೊರಬಲ್ಲದ್ದು ಸುಮಾರು 17 ಆಂಪಿಯರ್ ಮಾತ್ರ. ಅದರ ಬದಲಿಗೆ ಇಂದಿನ 35 ಆಂಪಿಯರ್ ಫ್ಯೂಸ್ ಹಾಕಿದರೆ ರಕ್ಷಣೆ ಕಡಿಮೆಯಾಗುತ್ತದೆ.

4. ಪ್ರತಿ ವೈರಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಕಟ್ಟಿಸಿ. ಒಂದು ಪುಸ್ತಕದಲ್ಲಿ ಸಂಖ್ಯೆ, ಎಲ್ಲಿಂದ, ಎಲ್ಲಿಗೆ, ಬಣ್ಣ, ಫ್ಯೂಸ್, ಉದ್ದೇಶ, ದಿನಾಂಕ ಬರೆಸಿ. ಅದನ್ನು ನೋಂದಣಿ ಪತ್ರದ ಜೊತೆಯಲ್ಲಿಡಿ.

5. ಬಗ್ಗಿಸಿದರೆ ಹೊದಿಕೆ ಬಿರಿಯುವ, ತಾಮ್ರ ಹಸಿರುಗಟ್ಟಿದ ವೈರುಗಳೇ ಎಲ್ಲೆಡೆ ಇದ್ದರೆ ಮಾತ್ರ ಪೂರ್ಣ ಹೊಸ ವೈರಿಂಗ್ ವಿಚಾರ ಮಾಡಿ. ಈ ಪ್ರಕರಣದಲ್ಲಿ ಅದು ಬೇಕಾಗಲಿಲ್ಲ. ಒಂದೂವರೆ ದಿನದ ಕೂಲಿ ಒಂದು ಬ್ಯಾಟರಿಯ ಬೆಲೆಗಿಂತ ಕಡಿಮೆಯೇ ಆಯಿತು.

ವಿಮೆ ಮತ್ತು ದಾಖಲೆ

ನಮ್ಮ ದೇಶದ ಸಮಗ್ರ ಮೋಟಾರು ಪಾಲಿಸಿಯಲ್ಲಿ ಬೆಂಕಿ, ಸ್ಫೋಟ ಮತ್ತು ಸ್ವಯಂ ದಹನದಿಂದಾಗುವ ಹಾನಿಗೆ ರಕ್ಷಣೆಯಿದೆ; ವಿದ್ಯುತ್ ಅಥವಾ ಯಾಂತ್ರಿಕ ವೈಫಲ್ಯಕ್ಕೆ ಹಾಗೂ ಸವೆತಕ್ಕೆ ಇಲ್ಲ. ಕೇವಲ ಮೂರನೇ ವ್ಯಕ್ತಿಯ ವಿಮೆ ಮಾಡಿಸಿದವರಿಗೆ ತಮ್ಮ ಕಾರು ಸುಟ್ಟರೂ ಏನೂ ಬಾರದು. ಹಳೆಯ ಕಾರುಗಳ ಮಾಲೀಕರಲ್ಲಿ ಅನೇಕರು ಈ ಗುಂಪಿನವರೇ. ತಯಾರಕರ ಬೆಲೆಯಲ್ಲಿ ಸೇರದ ವಿದ್ಯುತ್ ಉಪಕರಣಗಳನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಗ್ಯಾಸ್ ಕಿಟ್ ಹಾಕಿಸಿದ್ದರೆ ನೋಂದಣಿ ಪತ್ರದಲ್ಲಿಯೂ ಪಾಲಿಸಿಯಲ್ಲಿಯೂ ಅದು ನಮೂದಾಗಿರಬೇಕು. ತೆಗೆಸಿದ್ದರೆ ಆ ಬದಲಾವಣೆಯೂ ದಾಖಲಾಗಬೇಕು. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಿರುವುದರಿಂದ, ವೈರಿಂಗ್ ತಪಾಸಣೆಗೆ ಅದೇ ಸಂದರ್ಭವನ್ನು ಬಳಸಿಕೊಳ್ಳುವುದು ಅನುಕೂಲ.

ವರ್ಷಾಂತ್ಯದಲ್ಲಿ ದಾಸ್ತಾನು ಪರಿಶೀಲಿಸುವಂತೆ ಹಳೆಯ ವಾಹನದ ವೈರುಗಳನ್ನೂ ಒಮ್ಮೆ ಎಣಿಸಿ ಪಟ್ಟಿ ಮಾಡುವುದು ಕಷ್ಟದ ಕೆಲಸವೇನಲ್ಲ. ವಾಹನ ಖಾತೆಯಲ್ಲಿ ಬ್ಯಾಟರಿಯ ಎರಡನೆಯ ಬೀಜಕ ಬೇಗನೆ ಬಂದಿದ್ದರೆ ಮೂರನೆಯದಕ್ಕೆ ಕಾಯದೆ ಮೀಟರ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಬ್ಯಾಟರಿಯ ತುದಿಯಲ್ಲಿ ಎಷ್ಟು ತೆಳು ವೈರುಗಳಿವೆಯೆಂದು ಮೊದಲು ನೋಡಿಸಿ.