ಕುಟುಂಬ, ಜಾತಿ ಮತ್ತು ಸಿದ್ಧಾಂತ: ಕೆಲವು ಟಿಪ್ಪಣಿಗಳು

ದಲಿತ ವಿಮರ್ಶೆಯ ಚರ್ಚೆ ಬಂದಾಗಲೆಲ್ಲ ನಾವು ಊರು, ಕೇರಿ, ಗುಡಿ, ಬಾವಿ, ಹೋಟೆಲುಗಳ ಬಗ್ಗೆ ಮಾತಾಡುತ್ತೇವೆ. ಅಸ್ಪೃಶ್ಯತೆ ಕಣ್ಣಿಗೆ ಹೊಡೆದಂತೆ ಕಾಣುವುದು ಅಲ್ಲೇ ಆದ್ದರಿಂದ ಇದು ಸಹಜವೇ. ಆದರೆ ಜಾತಿ ದಿನದಿನವೂ ಹುಟ್ಟುವ ಜಾಗ ಮನೆ. ಯಾರ ಜೊತೆ ಉಣ್ಣಬೇಕು, ಯಾರಿಗೆ ಹೆಣ್ಣು ಕೊಡಬೇಕು, ಎಲ್ಲಿಂದ ತರಬಾರದು ಎಂಬುದನ್ನು ಮಗು ಕಲಿಯುವುದು ಮನೆಯಲ್ಲೇ. ಕುಟುಂಬವನ್ನು ಓದದ ವಿಮರ್ಶೆ ಜಾತಿಯ ಅರ್ಧವನ್ನಷ್ಟೇ ಓದಿದಂತೆ. ನಾನು ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳಿಕೊಡುವವನು. ತರಗತಿಯಲ್ಲಿ ವಿವರಿಸುವ ದೊಡ್ಡ ಸಿದ್ಧಾಂತಗಳನ್ನು ನಮ್ಮ ಹಟ್ಟಿಯ ಒಂದು ಮನೆಯ ಮುಂದೆ ನಿಲ್ಲಿಸಿದರೆ ಅವು ಏನನ್ನು ಕಾಣಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂದು ನೋಡುವುದಷ್ಟೇ ಇಲ್ಲಿನ ಉದ್ದೇಶ.

1

ಪಠ್ಯಪುಸ್ತಕಗಳಲ್ಲಿ ಮೊದಲು ಸಿಗುವುದು ಫಂಕ್ಷನಲಿಸಂ ಎನ್ನುವ ಕಾರ್ಯಾತ್ಮಕ ಸಿದ್ಧಾಂತ. ಇದರ ಪ್ರಕಾರ ಸಮಾಜ ಒಂದು ದೇಹವಿದ್ದಂತೆ. ಪ್ರತಿಯೊಂದು ಸಂಸ್ಥೆಯೂ ಅದರ ಒಂದೊಂದು ಅಂಗ. ಅಮೆರಿಕದ ಟಾಲ್ಕಾಟ್ ಪಾರ್ಸನ್ಸ್ 1955ರಲ್ಲಿ ಕುಟುಂಬಕ್ಕೆ ಮುಖ್ಯವಾಗಿ ಎರಡು ಕೆಲಸಗಳನ್ನು ಗುರುತಿಸಿದ: ಮಕ್ಕಳನ್ನು ಸಮಾಜಕ್ಕೆ ತಕ್ಕಂತೆ ಬೆಳೆಸುವುದು, ದೊಡ್ಡವರ ಮನಸ್ಸನ್ನು ಸ್ಥಿರವಾಗಿಡುವುದು. ಗಂಡ ಹೊರಗೆ ದುಡಿಯುತ್ತಾನೆ, ಹೆಂಡತಿ ಒಳಗೆ ಪ್ರೀತಿ ಹಂಚುತ್ತಾಳೆ.

ಈ ಚಿತ್ರ ಆ ಕಾಲದ ಅಮೆರಿಕದ ಮಧ್ಯಮವರ್ಗದ ಬಿಳಿಯರ ಮನೆಗೆ ಒಪ್ಪಬಹುದು. ಬೆಳಕು ಹರಿಯೋಕೆ ಮುಂಚೆ ಅವ್ವ ಕಳೆ ಕೀಳೋಕೆ ಹೋಗುವ, ಎಂಟು ವರ್ಷದ ಅಕ್ಕ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗುವ ಮನೆಗೆ ಇದು ಹೇಗೆ ಹೊಂದೀತು? ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಮನೆಯ ಯಜಮಾನಿಕೆ ಮುದುಕಿ ಸಾಕವ್ವನದು. ಆ ಮನೆಯವರು ರಾತ್ರಿ ಒಟ್ಟಿಗೆ ಕೂತು ಕಡಲೆಕಾಯಿ ತಿನ್ನುವುದು ಕುಟುಂಬದ ಪ್ರೀತಿಯೂ ಹೌದು, ಊರಿನ ಕಣ್ಣಿಗೆ ಕಳ್ಳತನವೂ ಹೌದು. ಪಾರ್ಸನ್ಸ್ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಕುಟುಂಬ ಸಮಾಜಕ್ಕಾಗಿ ಕೆಲಸ ಮಾಡುತ್ತದೆ ಅಂತಾರಲ್ಲ, ಯಾರ ಸಮಾಜಕ್ಕೆ? ಸಾಲಕ್ಕೆ ಮಗನನ್ನು ಜೀತಕ್ಕೆ ಬಿಟ್ಟ ಮನೆಯನ್ನು ನೆನೆಯಿರಿ. ಗೌಡರ ಮನೆಯ ಮಗು ಶಾಲೆಗೆ ಹೋಗಿ ‘ಸಾಮಾಜೀಕರಣ’ಗೊಳ್ಳುವುದು ಕೇರಿಯ ಹುಡುಗ ಅವರ ಕೊಟ್ಟಿಗೆಯ ಸಗಣಿ ಬಾಚಿದ್ದರಿಂದ. ಒಂದು ಕುಟುಂಬದ ಸುಸ್ಥಿತಿ ಇನ್ನೊಂದು ಕುಟುಂಬದ ಒಡಕಿನ ಮೇಲೆ ನಿಂತಿರುತ್ತದೆ. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂತು. ದೇಹದ ಹೋಲಿಕೆಯಲ್ಲಿ ಮುಳುಗಿದ ಸಿದ್ಧಾಂತಕ್ಕೆ ಮಾತ್ರ ಈ ಒಡಕು ಕಾಣಲೇ ಇಲ್ಲ.

2

ಎರಡನೆಯದು ಮಾರ್ಕ್ಸ್‌ವಾದಿ ನೋಟ. ಎಂಗೆಲ್ಸ್ 1884ರಲ್ಲಿ ಕುಟುಂಬದ ಉಗಮದ ಬಗ್ಗೆ ಬರೆಯುತ್ತ ಒಂದು ಗಟ್ಟಿ ಮಾತು ಹೇಳಿದ. ಖಾಸಗಿ ಆಸ್ತಿ ತನ್ನ ರಕ್ತದ ಮಗನಿಗೇ ಸೇರಬೇಕೆಂಬ ಗಂಡಸಿನ ಹಟದಿಂದಲೇ ಹೆಣ್ಣಿನ ಮೇಲೆ ಏಕಪತಿತ್ವದ ಕಟ್ಟು ಬಿತ್ತು ಎಂಬುದು ಅವನ ವಾದ. ಊರಿನ ಜಮೀನ್ದಾರಿ ಮನೆಗಳನ್ನು ಅರ್ಥ ಮಾಡಿಕೊಳ್ಳೋಕೆ ಇದು ಒಳ್ಳೆಯ ಪರಿಕರ.

ಹಾಗಾದರೆ ಆಸ್ತಿಯೇ ಇಲ್ಲದವರು? ಆಸ್ತಿಯಿಲ್ಲದ ಕಾರ್ಮಿಕರಲ್ಲಿ ಗಂಡಿನ ಯಜಮಾನಿಕೆಗೆ ಬುನಾದಿಯೇ ಇರುವುದಿಲ್ಲ ಎಂದು ಎಂಗೆಲ್ಸ್ ನಂಬಿದ್ದ. ನಮ್ಮಲ್ಲಿ ಗೇಣು ಭೂಮಿಯಿಲ್ಲದ ಮನೆಯಲ್ಲೂ ಹೆಂಡತಿಗೆ ಏಟು ಬೀಳುತ್ತದೆ, ಮಗಳ ಮದುವೆಗೆ ಕುಲದ ಪಂಚಾಯ್ತಿ ಕೂರುತ್ತದೆ. ಒಂದೇ ಗದ್ದೆಯಲ್ಲಿ, ಒಂದೇ ಕೂಲಿಗೆ ದುಡಿಯುವ ಇಬ್ಬರು ಬಡವರು ಬೀಗರಾಗುವುದಿಲ್ಲ. ಯಾಕೆ? ವರ್ಗದ ಸಿದ್ಧಾಂತ ಈ ಬಾಗಿಲವರೆಗೆ ಬಂದು ನಿಂತುಬಿಡುತ್ತದೆ.

3

ಈ ಬಾಗಿಲನ್ನು ತೆರೆದದ್ದು 25 ವರ್ಷದ ಒಬ್ಬ ವಿದ್ಯಾರ್ಥಿ. ಆತ ನನಗಿಂತ ಚಿಕ್ಕ ವಯಸ್ಸಿನವನು ಎಂದು ನೆನೆದಾಗ ಈಗಲೂ ಬೆರಗಾಗುತ್ತದೆ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಜಾತಿಯ ಜೀವಾಳ ಮಡಿಮೈಲಿಗೆಯಲ್ಲ, ಒಳಮದುವೆ ಎಂಬುದು ಅದರ ತಿರುಳು.

ಅವರ ವಾದ ಬಹಳ ಸರಳವಾದ ಲೆಕ್ಕದಿಂದ ಶುರುವಾಗುತ್ತದೆ. ಒಂದು ಗುಂಪು ತನ್ನೊಳಗೇ ಮದುವೆಯಾಗಬೇಕಾದರೆ ಅಲ್ಲಿ ಮದುವೆಯ ವಯಸ್ಸಿನ ಗಂಡು ಹೆಣ್ಣು ಸಮವಾಗಿರಬೇಕು. ಗಂಡ ಸತ್ತರೆ ಒಬ್ಬ ಹೆಂಗಸು ‘ಹೆಚ್ಚುವರಿ’ ಆಗುತ್ತಾಳೆ. ಅವಳು ಹೊರಗಿನವನನ್ನು ಕೂಡಿಕೊಂಡರೆ ಗುಂಪಿನ ಗಡಿ ಒಡೆಯುತ್ತದೆ. ಒಳಗಿನವನನ್ನು ಮದುವೆಯಾದರೆ ಕನ್ಯೆಯೊಬ್ಬಳ ಪಾಲು ಹೋಗುತ್ತದೆ. ಆದ್ದರಿಂದ ಅವಳನ್ನು ಗಂಡನ ಚಿತೆಯಲ್ಲಿ ಸುಡು, ಇಲ್ಲಾ ತಲೆ ಬೋಳಿಸಿ ವಿಧವೆಯಾಗಿ ಕೂರಿಸು. ಹೆಂಡತಿ ಸತ್ತ ಗಂಡಸೂ ಹೆಚ್ಚುವರಿಯೇ. ಆದರೆ ಅವನು ಗಂಡಸು, ಗುಂಪಿಗೆ ಬೇಕಾದವನು, ಸುಡುವಂತಿಲ್ಲ. ಅವನಿಗೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ಕೊಡು. ಸತಿ, ವೈಧವ್ಯ, ಬಾಲ್ಯವಿವಾಹ ಎಂಬ ಮೂರೂ ಬಿಡಿಬಿಡಿ ಅನಿಷ್ಟಗಳಲ್ಲ, ಒಂದೇ ಯಂತ್ರದ ಮೂರು ಹಲ್ಲುಗಳು. ಸುಧಾರಕರು ಇವನ್ನು ಹೆಂಗಸರ ಸಮಸ್ಯೆ ಎಂದು ಕರೆದು ಜಾತಿಯಿಂದ ಬೇರೆ ಇಟ್ಟರು. ಅಂಬೇಡ್ಕರ್ ಹೆಣ್ಣಿನ ಮೇಲಿನ ಹಿಡಿತದಿಂದಲೇ ಜಾತಿ ಉಳಿದಿದೆ ಎಂದು ತೋರಿಸಿದರು.

ಈ ಕಟ್ಟಳೆ ಉಳಿದವರಿಗೆ ಹಬ್ಬಿದ್ದು ಅನುಕರಣೆಯಿಂದ ಎನ್ನುತ್ತಾರೆ ಅವರು. ಬ್ರಾಹ್ಮಣರಿಗೆ ಹತ್ತಿರವಿದ್ದವರು ಮೂರನ್ನೂ ಹಿಡಿದರು, ದೂರವಿದ್ದವರು ಕೆಲವನ್ನಷ್ಟೇ. ಇದಾಗಿ 36 ವರ್ಷಗಳ ನಂತರ, 1952ರಲ್ಲಿ, ಕೊಡವರ ಕುರಿತ ಪುಸ್ತಕದಲ್ಲಿ ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ‘ಸಂಸ್ಕೃತೀಕರಣ’ದ ಪರಿಕಲ್ಪನೆಯನ್ನು ಮುಂದಿಟ್ಟರು. ಅದು ಉಪಯುಕ್ತ ಪರಿಕಲ್ಪನೆ. ಆದರೆ ಶ್ರೀನಿವಾಸರ ಒತ್ತು ಕೆಳಗಿನವರು ಮೇಲೇರುವ ಚಲನೆಯ ಮೇಲಿತ್ತು. ಅಂಬೇಡ್ಕರ್ ಅದೇ ಅನುಕರಣೆಯಲ್ಲಿ ಒಂದೊಂದು ಗುಂಪೂ ತನ್ನ ಬಾಗಿಲು ಹಾಕಿಕೊಳ್ಳುವುದನ್ನು ಕಂಡರು.

4

ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ, ನಮ್ಮ ಮನೆಗಳದ್ದು. ನಮ್ಮ ಅಜ್ಜಿಯರ ಕಾಲದಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಟ್ಟು ಕರಕೊಂಡು ಬರುತ್ತಿದ್ದರು. ಗಂಡ ಸತ್ತವಳಿಗೆ ಕೂಡಿಕೆ ಇತ್ತು. ಆಗ ಎಲ್ಲ ಸುಖವಾಗಿತ್ತು ಎಂದಲ್ಲ. ಏಟೂ ಇತ್ತು, ಹಸಿವೂ ಇತ್ತು. ಆದರೆ ಹೆಂಗಸಿಗೆ ಇನ್ನೊಂದು ಬದುಕಿನ ದಾರಿ ಮುಚ್ಚಿರಲಿಲ್ಲ. ಮೀಸಲಾತಿಯಿಂದ ನೌಕರಿ ಹಿಡಿದ ನಮ್ಮ ಮನೆಗಳಲ್ಲಿ ಈಗ ಏನಾಗುತ್ತಿದೆ? ತೆರ ಹೋಗಿ ವರದಕ್ಷಿಣೆ ಬಂದಿದೆ. ಕೂಡಿಕೆ ಎಂದರೆ ನಾಚಿಕೆ. ಓದಿದ ಸೊಸೆ ಮನೆಯಿಂದ ಹೊರಗೆ ಹೋಗದಿರುವುದೇ ಮರ್ಯಾದೆ. ನಾವು ಮೇಲೆ ಹತ್ತಿದ್ದೇವೆ, ಹತ್ತುವಾಗ ಆ ಯಂತ್ರವನ್ನೂ ಹೊತ್ತು ತಂದಿದ್ದೇವೆ.

ಇನ್ನೂ ಕಹಿಯಾದ ಮಾತಿದೆ. ಸಭೆಯಲ್ಲಿ ಎಡಗೈ ಬಲಗೈ ಒಂದೇ ಎಂದು ಭಾಷಣ ಮಾಡುವ ನಾವು ಮಗಳ ಸಂಬಂಧ ಹುಡುಕುವಾಗ ‘ನಮ್ಮೋರೇ ಆಗಬೇಕು’ ಅಂತೀವಿ. ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: “ಸಾರ್, ಮೇಲ್ಜಾತಿಯೋರು ನಮ್ಮನ್ನ ಸೇರಿಸಲ್ಲ ಸರಿ. ಪಕ್ಕದ ಹಟ್ಟಿಗೆ ನಮ್ಮಪ್ಪ ಯಾಕೆ ಹೆಣ್ಣು ಕೊಡಲ್ಲ?” ಪಾರ್ಸನ್ಸ್‌ನಿಂದಾಗಲಿ ಎಂಗೆಲ್ಸ್‌ನಿಂದಾಗಲಿ ಇದಕ್ಕೆ ಉತ್ತರ ಸಿಗುವುದಿಲ್ಲ. 1916ರ ಆ ಪ್ರಬಂಧದಲ್ಲಿ ಸಿಗುತ್ತದೆ.

2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 5 ಮದುವೆಗಳಷ್ಟೇ ಅಂತರ್ಜಾತಿಯವು. ಕಾನೂನು ಅಡ್ಡ ಬಂದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಿದೆ. ಆದರೆ ಅದೇ ಕಾಯ್ದೆ ಮದುವೆಗೆ ಮುಂಚೆ 30 ದಿನಗಳ ನೋಟಿಸು ಅಂಟಿಸುತ್ತದೆ. ಓಡಿಬಂದ ಜೋಡಿಗೆ ಆ 30 ದಿನ ಎಂದರೆ ಏನೆಂದು ಹೇಳಬೇಕಿಲ್ಲ. ‘ಕುಸುಮಬಾಲೆ’ಯ ಚನ್ನನ ಸಾವು ಕಥೆಯೊಳಗಿನದಷ್ಟೇ ಅಲ್ಲ.

1936ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದದ್ದು, ಈ ಯಂತ್ರದ ಕೀಲು ಎಲ್ಲಿದೆ ಎಂಬುದು ಇಪ್ಪತ್ತು ವರ್ಷ ಮುಂಚೆಯೇ ಅವರಿಗೆ ಗೊತ್ತಿದ್ದರಿಂದ. ನಮ್ಮ ವಿಮರ್ಶೆ ಒಂದು ಕಥೆಯನ್ನೋ ಆತ್ಮಕಥೆಯನ್ನೋ ಎತ್ತಿಕೊಂಡಾಗ ಅಲ್ಲಿ ಹಸಿವು ಎಷ್ಟಿದೆ, ಬಂಡಾಯ ಎಷ್ಟಿದೆ ಎಂದಷ್ಟೇ ಕೇಳಿದರೆ ಸಾಲದು. ಆ ಮನೆಯ ಹೆಣ್ಣು ಯಾರನ್ನು ಮದುವೆಯಾಗಬಲ್ಲಳು, ಯಾರನ್ನು ಆಗಲಾರಳು, ಅದನ್ನು ತೀರ್ಮಾನಿಸುವವರು ಯಾರು ಎಂದೂ ಕೇಳಬೇಕು. ಊರಿನವರ ಮನೆಗೆ ಹಾಕುವ ಈ ಪ್ರಶ್ನೆಯನ್ನು ಮೊದಲು ನಮ್ಮ ಮನೆಗೆ ಹಾಕಿಕೊಳ್ಳಬೇಕು.